ಊಟಕ್ಕೆ ಕೂತರೆ ಎಡಗಣ್ಣಲ್ಲಿ ನೀರು

ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತವರು ಮೊದಲು ಗಾಬರಿಯಾಗುತ್ತಾರೆ. ಎರಡು ತುತ್ತು ಬಾಯಿಗಿಟ್ಟರೆ ಸಾಕು, ನನ್ನ ಎಡಗಣ್ಣಿನಿಂದ ನೀರು ಇಳಿಯತೊಡಗುತ್ತದೆ. ಕುರುಗೋಡಿನ ಒಂದು ಮದುವೆಯಲ್ಲಿ ಹೋಳಿಗೆ ಬಡಿಸುತ್ತಿದ್ದ ಅಜ್ಜಿ ಪುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟಳು. "ಯಾಕವ್ವ, ತವರುಮನಿ ನೆನಪಾತೇನು?" ಎಂದಳು. "ಇಲ್ಲ ಯವ್ವಾ, ಇದು ನರದ್ದು. ಊಟ ಮಾಡುವಾಗ ಹಿಂಗ ಬರತೈತಿ" ಎಂದೆ. ಅವಳು ನಂಬಲಿಲ್ಲ. ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, ತಲೆ ಸವರಿ ಮುಂದೆ ಹೋದಳು. ರೋಗದಿಂದ ಇಷ್ಟಾದರೂ ಲಾಭ ಎಂದುಕೊಂಡು ತಿಂದೆ.

ನಾನು ಗಂಗಮ್ಮ. ಬಳ್ಳಾರಿಯ ಹೊರಗೆ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಕಾರ್ಖಾನೆಯಲ್ಲಿ ಚೆಕರ್ ಆಗಿದ್ದೇನೆ. ಹೊಲಿದು ಬಂದ ಪ್ಯಾಂಟನ್ನು ಒಳಗೂ ಹೊರಗೂ ತಿರುವಿ, ಬಿಟ್ಟುಹೋದ ಹೊಲಿಗೆ, ಸೊಟ್ಟಗಾದ ಜೇಬು ಹುಡುಕುವುದು ನನ್ನ ಕೆಲಸ. ಸೊಟ್ಟ ಹುಡುಕುವವಳ ಮುಖವೇ ಸೊಟ್ಟಗಾಯಿತಲ್ಲ ಎಂದು ನಗಬೇಕೆನ್ನುವವರು ಈಗಲೇ ನಕ್ಕುಬಿಡಿ. ನಾನು ನಕ್ಕು ಮುಗಿಸಿ ಬಹಳ ದಿನವಾಯಿತು. ಮನೆ ಕುರುಗೋಡಿನಲ್ಲಿದೆ. ಗಂಡ ಬಸವರಾಜ ಅಲ್ಲಿಯೇ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬೆಸುಗೆ ಹಾಕುತ್ತಾನೆ. ನಮ್ಮ ಓಣಿಯಿಂದ ನಾವು ನಾಲ್ಕೈದು ಹೆಂಗಸರು ಒಂದೇ ಬಸ್ಸಿಗೆ ಬಳ್ಳಾರಿಗೆ ಹೋಗಿ, ಒಂದೇ ಬಸ್ಸಿಗೆ ವಾಪಸ್ ಬರುತ್ತೇವೆ.

ನನ್ನ ಕಾಯಿಲೆಯ ಕಥೆ ಹೇಳುವ ಮೊದಲು ನಮ್ಮ ಹಾಜರಿಯ ಕಥೆ ಹೇಳಬೇಕು. ಅದನ್ನು ಬಿಟ್ಟರೆ ಇದು ಅರ್ಥವಾಗುವುದಿಲ್ಲ.

ನಮ್ಮಲ್ಲಿ ಹಾಜರಿ ಒಬ್ಬೊಬ್ಬರದಲ್ಲ, ಇಡೀ ಲೈನಿನದು. ಲೈನ್ ಎಂದರೆ ಒಂದು ಸಾಲಿನಲ್ಲಿ ಕೂತು, ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಬೆಲ್ಟು ಹೊಲಿದು ಒಂದು ಪ್ಯಾಂಟು ಮುಗಿಸುವವರು. ತಿಂಗಳಿಡೀ ಲೈನಿನಲ್ಲಿ ಒಬ್ಬರೂ ತಪ್ಪಿಸಲಿಲ್ಲವೆಂದರೆ ಮುಂದಿನ ತಿಂಗಳು ಇಡೀ ಲೈನಿಗೆ ಒಂದು ಶನಿವಾರ ರಜೆ. ಭಾನುವಾರಕ್ಕೆ ಅಂಟಿದ ಶನಿವಾರವೆಂದರೆ ನಮ್ಮಂಥವರಿಗೆ ಹಬ್ಬ. ತವರಿಗೆ ಹೋಗಬಹುದು, ಬಟ್ಟೆ ಒಗೆಯಬಹುದು, ಹಗಲು ನಿದ್ದೆ ಮಾಡಬಹುದು. ಆದರೆ ಒಬ್ಬಳು ತಪ್ಪಿಸಿದರೂ ಎಲ್ಲರಿಗೂ ಇಲ್ಲ. ಜ್ವರ ಬಂದು ಮಲಗಿದರೂ ಅದು ತಪ್ಪಿಸಿದ ಲೆಕ್ಕವೇ. ಕಾಯಿಲೆ ಎಂದು ಒಪ್ಪಿಸಬೇಕಾದರೆ ಕಂಪನಿ ಹೇಳಿದ ಡಾಕ್ಟರ ಸರ್ಟಿಫಿಕೇಟನ್ನು ಅದೇ ದಿನ ಮಧ್ಯಾಹ್ನದೊಳಗೆ ತಂದು ತೋರಿಸಬೇಕು. ಜ್ವರ ಬಂದವಳು ಸರ್ಟಿಫಿಕೇಟಿಗೆ ಅಲೆದು ಜ್ವರ ಏರಿಸಿಕೊಂಡು ಬರುತ್ತಿದ್ದಳು.

ಆದ್ದರಿಂದ ನಾವೊಂದು ಪದ್ಧತಿ ಮಾಡಿಕೊಂಡಿದ್ದೆವು. ಯಾರಾದರೂ ಹುಷಾರಿಲ್ಲವೆಂದು ಬೆಳಿಗ್ಗೆ ಫೋನು ಮಾಡಿದರೆ ಇಬ್ಬರು ಮೂವರು ಅವಳ ಮನೆಗೆ ಹೋಗುವುದು, ಮುಖ ತೊಳೆಸಿ, ತಲೆ ಬಾಚಿ, ಕೈ ಹಿಡಿದು ಬಸ್ಸು ಹತ್ತಿಸುವುದು. ಅದಕ್ಕೆ ನಾವಿಟ್ಟ ಹೆಸರು 'ಮದುಮಗಳನ್ನು ಕರೆತರೋದು'. ಮದುಮಗಳು ಗೇಟಿನಲ್ಲಿ ಹಾಜರಿ ಹಾಕಿ ತನ್ನ ಜಾಗದಲ್ಲಿ ಕೂತರೆ ಸಾಕು, ಅವಳ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಂಡು ಹೊಲಿದುಬಿಡುತ್ತಿದ್ದೆವು. ನಗುತ್ತಲೇ ಮಾಡುತ್ತಿದ್ದೆವು, ಪ್ರೀತಿಯಿಂದಲೇ ಮಾಡುತ್ತಿದ್ದೆವು. ಕಂಪನಿ ಯಾರನ್ನೂ ಬೈಯಬೇಕಾಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಇಲ್ಲಿ ಹೊಲವೇ ಎದ್ದು ಬೇಲಿಯಾಗಿತ್ತು. ನಮ್ಮ ಯೂನಿಯನ್ನಿನ ಪಂಪಾಪತಿ ಅಣ್ಣ, ಕಟಿಂಗ್ ಸೆಕ್ಷನ್ನಿನ ಹಿರಿಯ, ಈ ರೂಲನ್ನು ತೆಗೆಯಬೇಕೆಂದು ಅರ್ಜಿ ಮೇಲೆ ಅರ್ಜಿ ಕೊಡುತ್ತಿದ್ದ. ಹೆಂಗಸರಾದ ನಾವೇ ಅವನ ಮೇಲೆ ಹರಿಹಾಯುತ್ತಿದ್ದೆವು. "ಅಣ್ಣಾ, ನಿನ್ನ ಹೋರಾಟ ನಿನ್ನ ಹತ್ರ ಇರಲಿ. ನಮ್ಮ ಶನಿವಾರಕ್ಕ ಕೈ ಹಚ್ಚಬ್ಯಾಡ" ಎಂದು ಗಟ್ಟಿಯಾಗಿ ಹೇಳಿದವಳು ನನ್ನ ಗೆಳತಿ ಹೊನ್ನೂರಮ್ಮ. ಪಕ್ಕದಲ್ಲಿ ನಿಂತು ತಲೆಯಾಡಿಸಿದವಳು ನಾನು.

ಹೊನ್ನೂರಮ್ಮ ಜೇಬು ಹೊಲಿಯುವವಳು. ಕಾರ್ಖಾನೆಗೆ ಇಬ್ಬರೂ ಒಂದೇ ದಿನ ಸೇರಿದವರು. ಒಂದೇ ಓಣಿಯವರು, ಒಂದೇ ಡಬ್ಬಿಯಲ್ಲಿ ಕೈ ಹಾಕಿ ಉಂಡವರು. ಆ ತಿಂಗಳು ಅವಳ ದೊಡ್ಡ ಮಗಳಿಗೆ ಸಿರುಗುಪ್ಪದಲ್ಲಿ ಗಂಡು ಗೊತ್ತಾಗಿತ್ತು. ಬೀಗರ ಕಡೆಯ ಹಿರಿಯರು ಬೇರೆ ದಿನ ಒಪ್ಪದೆ ಮುಂದಿನ ತಿಂಗಳ ಒಂದು ಶನಿವಾರವನ್ನೇ ನಿಶ್ಚಿತಾರ್ಥಕ್ಕೆ ಇಟ್ಟಿದ್ದರು. ಲೈನ್ ರಜೆ ಸಿಕ್ಕರೆ ನಾವೆಲ್ಲರೂ ಹೋಗಬಹುದು. ಇಲ್ಲವಾದರೆ ಹೆತ್ತ ತಾಯಿಗೇ ರಜೆ ಸಿಗುವುದು ಕಷ್ಟವಿತ್ತು. ತಿಂಗಳ ಕೊನೆಗೆ ಬಂದಿದ್ದೆವು, ಲೈನ್ ಇನ್ನೂ ಮುರಿದಿರಲಿಲ್ಲ.

ಒಂದು ಸಂಜೆ ಬಸ್ಸಿನಲ್ಲಿ ಎಡಗಿವಿಯ ಹಿಂದೆ ನೋವು ಶುರುವಾಯಿತು. ಕಿಟಕಿಯ ಪಕ್ಕ ಕೂತಿದ್ದೆ, ತಣ್ಣನೆ ಗಾಳಿ ಬಡಿಯುತ್ತಿತ್ತು. ಶೀತವಿರಬೇಕು ಎಂದುಕೊಂಡು ಮಲಗಿದೆ. ಅದು ಗುರುವಾರ. ಶುಕ್ರವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ಸೋರಿ ಕುಪ್ಪಸ ತೋಯಿಸಿತು. ಮುಖಕ್ಕೆ ಸೋಪು ಹಚ್ಚಿದರೆ ಎಡಗಣ್ಣು ಮುಚ್ಚಲೊಲ್ಲದು, ಉರಿ. ಕಣ್ಣುಜ್ಜಿಕೊಳ್ಳುತ್ತ ಒಳಗೆ ಬಂದಾಗ ಬಸವರಾಜ ಚಹಾ ಕುಡಿಯುತ್ತಿದ್ದ.

"ಏನಲೇ, ಮುಂಜಾನಿ ಮುಂಜಾನಿ ಅಣಕಿಸಾಕತ್ತಿ?" ಎಂದ.

ನಾನು ಅಣಕಿಸುತ್ತಿರಲಿಲ್ಲ. ಕನ್ನಡಿ ನೋಡಿಕೊಂಡೆ. ಬಲಗಡೆಗೆ ನಾನಿದ್ದೆ. ಎಡಗಡೆ ಯಾರೋ ನಿದ್ದೆ ಹೋಗಿದ್ದರು. ಹುಬ್ಬು ಏರಿಸಿದರೆ ಒಂದೇ ಏರುತ್ತಿತ್ತು, ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ನನ್ನ ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದೇ ಹೋದವನು. ಆ ಹೆಸರನ್ನು ಬಾಯಿಗೆ ತರದೆ ಕನ್ನಡಿಯಿಂದ ಹಿಂದೆ ಸರಿದೆ.

ಬಸವರಾಜನೂ ಅದನ್ನೇ ನೆನೆದಿರಬೇಕು. ಬಟ್ಟಲು ಕೆಳಗಿಟ್ಟು, "ಕೈ ಎತ್ತು. ಎರಡೂ ಎತ್ತು. ನಡಿ ನೋಡೋಣ" ಎಂದು ಹಿತ್ತಲತನಕ ನಡೆಸಿದ. "ಕೈಕಾಲು ನೆಟ್ಟಗ ಅದಾವು. ಅಂಗಡಿ ತೆಗಿಯಂಗಿಲ್ಲ ಇವತ್ತು, ನಡಿ ಬಳ್ಳಾರಿ ದವಾಖಾನಿಗೆ" ಎಂದು ಅಂಗಿ ಹಾಕಿಕೊಂಡ. ನಾನು ಹೊನ್ನೂರಮ್ಮನಿಗೆ ಫೋನು ಮಾಡಿ ಬರುವುದಿಲ್ಲವೆಂದೆ. ನನ್ನ ಮಾತು ತೊದಲಿದ್ದು ಅವಳಿಗೆ ತಿಳಿಯಿತೋ ಇಲ್ಲವೋ, ಸೀರೆ ಉಟ್ಟು ಮುಗಿಸುವಷ್ಟರಲ್ಲಿ ಇಬ್ಬರನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಈ ಸಲದ ಮದುಮಗಳು ನಾನು.

ನನ್ನ ಮುಖ ನೋಡಿದ್ದೇ ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಕೈ ಚಾಚಿ ಕೆನ್ನೆ ಮುಟ್ಟಿದಳು.

"ಗಾಳಿ ಬಡದೈತಲೇ ಗಂಗಿ. ನಮ್ಮ ಚಿಗವ್ವಗ ಹಿಂಗ ಆಗಿತ್ತು, ತಾನ ಸರಿ ಹೋತು. ಅಂಜಬ್ಯಾಡ."

"ದವಾಖಾನಿಗೆ ಹೊಂಟೀವಿ" ಎಂದ ಬಸವರಾಜ.

"ಹೋಗೋಣಣ್ಣ, ಯಾರು ಬ್ಯಾಡ ಅಂದ್ರು? ಇವತ್ತು, ನಾಳಿ, ಸೋಮವಾರ. ಅಲ್ಲಿಗೆ ತಿಂಗಳು ಮುಗೀತೈತಿ. ಮಂಗಳವಾರ ನಾನ ಕರಕೊಂಡು ಹೋಗ್ತೀನಿ, ನನ್ನಾಣಿ. ಈಕಿ ಸುಮ್ಮನ ಬಂದು ಕುಂದ್ರಲಿ, ಒಂದು ಪ್ಯಾಂಟು ಮುಟ್ಟಾಕ ಬಿಡಂಗಿಲ್ಲ ನಾವು."

ಬಸವರಾಜ ನನ್ನನ್ನು ನೋಡಿದ. ಹೊನ್ನೂರಮ್ಮನೂ ನನ್ನನ್ನೇ ನೋಡಿದಳು. ಅವಳ ಮಗಳು ನನ್ನ ತೊಡೆಯ ಮೇಲೆ ಆಡಿದವಳು. ಕೈಕಾಲು ನೆಟ್ಟಗಿವೆ, ನೋವೂ ಹೆಚ್ಚಿಲ್ಲ, ಚಿಗವ್ವನಿಗೆ ತಾನೇ ಹೋಯಿತಂತೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬಸ್ಸು ಹತ್ತಿದೆ. ಆ ಬೆಳಿಗ್ಗೆಯನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ, ಪ್ಯಾಂಟನ್ನು ತಿರುವಿದ ಹಾಗೆ. ಹೊಲಿಗೆ ಬಿಟ್ಟಿದ್ದು ಅಲ್ಲೇ ಎಂದು ಪ್ರತಿ ಸಲವೂ ಗೊತ್ತಾಗುತ್ತದೆ.

ಗೇಟಿನಲ್ಲಿ ಹಾಜರಿಗೆ ಮುಖ ಗುರುತಿಸುವ ಮಿಷನ್ನಿದೆ. ಮೊದಲು ಬೆರಳು ಒತ್ತಿಸಿಕೊಳ್ಳುತ್ತಿದ್ದರು. ಹೊಲಿಗೆಯವರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಅದು ಕೈಕೊಟ್ಟ ಮೇಲೆ ಮುಖದ್ದು ತಂದರು. ಅದರ ಮುಂದೆ ನಿಂತರೆ "ಥ್ಯಾಂಕ್ ಯೂ" ಎಂದು ಹೆಣ್ಣು ದನಿಯಲ್ಲಿ ಹೇಳುತ್ತದೆ. ಆ ದಿನ ನನ್ನನ್ನು ನೋಡಿ ಅದು ಸುಮ್ಮನಾಯಿತು. ಆಮೇಲೆ "ಪ್ಲೀಸ್ ಟ್ರೈ ಅಗೇನ್" ಎಂದಿತು. ಮತ್ತೆ ನಿಂತೆ, ಮತ್ತೆ ಅದೇ ಮಾತು. ಹಿಂದೆ ಸಾಲು ಬೆಳೆಯಿತು.

"ಮುಖ ನೆಟ್ಟಗ ಇಡವ್ವ" ಎಂದ ಕಾವಲಿನವ.

ಇಡಲಾಗುವಂತಿದ್ದರೆ ಇಡುತ್ತಿರಲಿಲ್ಲವೇ? ಕೊನೆಗೆ ಎಚ್‌ಆರ್ ಸಾರ್ ಬಂದರು. ದಾವಣಗೆರೆ ಕಡೆಯ ಎಳೆಯ ಹುಡುಗ, ಎಲ್ಲರನ್ನೂ "ಅಮ್ಮ" ಎನ್ನುವವನು. "ಏನಾಯ್ತಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಿಷನ್ನಿನ ಗುಂಡಿ ಒತ್ತಿ, "ಹೊಸದಾಗಿ ಫೋಟೋ ತಗೊಂಡ್ಬಿಡ್ತೀನಿ, ತಲೆಬಿಸಿ ಬೇಡ" ಎಂದ. ನನ್ನ ಸೊಟ್ಟ ಮುಖ ಅದರೊಳಗೆ ಕೂತಿತು. ಮಿಷನ್ನು "ಥ್ಯಾಂಕ್ ಯೂ" ಎಂದಿತು. ಲೈನ್ ಉಳಿಯಿತೆಂದು ಹಿಂದಿನವರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ಅರ್ಧ ಮುಖದಲ್ಲಿ.

ಮಾತಿಗೆ ತಪ್ಪದೆ ಅವರು ನನ್ನನ್ನು ಪ್ಯಾಂಟು ಮುಟ್ಟಗೊಡಲಿಲ್ಲ. ಆದರೆ ಜೀನ್ಸ್ ಬಟ್ಟೆಯ ನೀಲಿ ಧೂಳಿಗೆ ಅದು ತಿಳಿಯಬೇಕಲ್ಲ? ಮುಚ್ಚಲಾರದ ಕಣ್ಣಿಗೆ ಅದು ಇಡೀ ದಿನ ಬೀಳುತ್ತಿತ್ತು. ಮಿಷನ್ನುಗಳ ಸದ್ದು ಎಡಗಿವಿಯಲ್ಲಿ ಸುತ್ತಿಗೆಯಂತೆ ಬಡಿಯುತ್ತಿತ್ತು. ಮಧ್ಯಾಹ್ನ ಅನ್ನ ಬಾಯಿಯ ಬದಿಯಿಂದ ಜಾರುವುದನ್ನು ಯಾರೂ ನೋಡಬಾರದೆಂದು ಹೊನ್ನೂರಮ್ಮ ನನ್ನ ಎಡಕ್ಕೆ ಗೋಡೆಯ ಹಾಗೆ ಕೂತಳು. ಅವತ್ತಿನಿಂದ ಅವಳ ಜಾಗ ಅದೇ ಆಯಿತು.

ಭಾನುವಾರ ತವರಿಗೆ, ಸಿರುಗುಪ್ಪದಾಚೆ ದೇಶನೂರಿಗೆ ಹೋದೆ. ನಾಟಿ ಮುಗಿದು ಗದ್ದೆಗಳಲ್ಲಿ ನೀರು ನಿಂತಿತ್ತು. ಅವ್ವ ನನ್ನ ಮುಖ ನೋಡಿ ಅಳಲಿಲ್ಲ. ಬಸ್ಸಿನ ಕಿಟಕಿಯನ್ನು, ಬಸ್ಸು ಓಡಿಸಿದವನನ್ನು, ಬಸ್ಸು ಮಾಡಿದವನನ್ನು ಸಾಲಾಗಿ ಬೈದಳು. ಪಕ್ಕದ ಮನೆಯಾಕೆ ಪಾರಿವಾಳದ ರಕ್ತ ಹಚ್ಚಿದರೆ ನೆಟ್ಟಗಾಗುತ್ತದೆ ಎಂದಳು. "ಅದರ ಮುಖ ಸೊಟ್ಟ ಮಾಡಿ ಈಕಿ ಮುಖ ನೆಟ್ಟಗ ಮಾಡೋದೇನು? ಸುಮ್ಮನಿರವ್ವ" ಎಂದು ಅವ್ವ ಅವಳ ಬಾಯಿ ಮುಚ್ಚಿಸಿ, ಊರಿನ ಮದ್ದಿನವನಿಂದ ಒಂದು ಸೊಪ್ಪಿನ ಲೇಪ ತಂದು ಕಿವಿಯ ಹಿಂದೆ ಮೆತ್ತಿದಳು. ಅದು ಸುಟ್ಟ ಗಾಯ ಮಾಡಿತು, ಇನ್ನೇನೂ ಮಾಡಲಿಲ್ಲ. ಆದರೆ ಅವತ್ತು ಅವ್ವ ನನ್ನ ಬಲಕ್ಕೆ ಕೂತು, ಅನ್ನ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟಳು. ನಾಟಿ ಮಾಡಿ ಮಾಡಿ ಸೀಳಿದ್ದ ಬೆರಳುಗಳು. ಒಂದು ಅಗುಳೂ ಚೆಲ್ಲದೆ ಉಂಡೆ. ಆ ಊಟದ ಸುಖವನ್ನು ಯಾವ ಗುಳಿಗೆಯೂ ಕೊಡಲಿಲ್ಲ.

ಸೋಮವಾರವೂ ಕಳೆಯಿತು. ಮಂಗಳವಾರ ಹೊನ್ನೂರಮ್ಮ ಆಣೆ ಉಳಿಸಿಕೊಂಡು ಜೊತೆಗೆ ಬಂದಳು. ಬಳ್ಳಾರಿಯ ದೊಡ್ಡ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕೂತೆವು. ಎದುರು ಬೆಂಚಿನಲ್ಲಿ ಒಬ್ಬ ಮುದುಕನ ಒಂದು ಕೈ ತೊಡೆಯ ಮೇಲೆ ಸತ್ತು ಬಿದ್ದಿತ್ತು. ಅವನ ಹೆಂಡತಿ ಆ ಕೈಯ ಮೇಲಿನ ನೊಣವನ್ನು ಓಡಿಸುತ್ತಿದ್ದಳು. ನಾನು ಅಪ್ಪನನ್ನು ನೆನೆದು ನನ್ನ ಎಡಗೈ ಬೆರಳುಗಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ. ಇನ್ನೊಂದು ಮೂಲೆಯಲ್ಲಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಿದ್ದ ಕಾಲೇಜು ಹುಡುಗಿಯೊಬ್ಬಳಿದ್ದಳು. ನಮ್ಮಿಬ್ಬರ ಕಣ್ಣು ಕೂಡಿದಾಗ ಇಬ್ಬರಿಗೂ ತಿಳಿಯಿತು. ಅವಳು ದುಪಟ್ಟಾ ಸ್ವಲ್ಪ ಸರಿಸಿ ತೋರಿಸಿದಳು, ನಾನು ಸೆರಗು ಸರಿಸಿದೆ. ಅವಳದು ಬಲಕ್ಕೆ ಬಿದ್ದಿತ್ತು. ಇಬ್ಬರದೂ ಸೇರಿದರೆ ಒಂದು ನೆಟ್ಟನೆ ಮುಖವಾಗುತ್ತಿತ್ತು. ಈ ಬರಹವನ್ನು ನಾನು ಬರೆಯುತ್ತಿರುವುದು ಬಹುಮಟ್ಟಿಗೆ ಆ ಹುಡುಗಿಗಾಗಿ.

ಡಾಕ್ಟರಮ್ಮ ಹುಬ್ಬು ಏರಿಸು, ಕಣ್ಣು ಮುಚ್ಚು, ಕೆನ್ನೆ ಉಬ್ಬಿಸು ಎಂದು ಒಂದೊಂದನ್ನೂ ಮಾಡಿಸಿದರು. ಕೈಕಾಲು ಪರೀಕ್ಷಿಸಿದರು. "ಹೆದರಬೇಡಿ, ಇದು ಮೆದುಳಿಂದಲ್ಲ. ಮುಖದ ನರ ಊದಿಕೊಂಡಿದೆ ಅಷ್ಟೇ" ಎಂದರು. ಎದೆಯ ಮೇಲಿನ ಬಂಡೆ ಇಳಿಯಿತು. ಆಮೇಲೆ ಕೇಳಿದರು: "ಯಾವತ್ತಾಯ್ತು?"

"ಶುಕ್ರವಾರ" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ಅವತ್ತೇ ಯಾಕೆ ಬರಲಿಲ್ಲ? ಈ ಗುಳಿಗೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೇದಿತ್ತು."

ಲೈನು, ಶನಿವಾರ, ಮದುಮಗಳು. ಓದಿದ ಹೆಣ್ಣುಮಗಳ ಮುಂದೆ ಅದನ್ನೆಲ್ಲ ಯಾವ ಬಾಯಿಯಿಂದ ಹೇಳುವುದು, ಇದ್ದದ್ದು ಅರ್ಧ ಬಾಯಿ. ನನ್ನ ಹಿಂದೆ ನಿಂತಿದ್ದ ಹೊನ್ನೂರಮ್ಮ ಹೇಳಿದಳು, "ನಾನ ಬ್ಯಾಡ ಅಂದೆ ಮೇಡಂ. ಡ್ಯೂಟಿ ಇತ್ತು." ಆಮೇಲೆ ಮೆಲ್ಲಗೆ ಕೇಳಿದಳು, "ಅಷ್ಟರಾಗ ಅಷ್ಟು ಫರಕ್ ಆಗತೈತೇನ್ರಿ?"

"ಆಗಬಹುದು. ಕೆಲವರಿಗೆ ಹೇಗಿದ್ದರೂ ಪೂರ್ತಿ ಸರಿಹೋಗ್ತದೆ, ಕೆಲವರಿಗೆ ಇಲ್ಲ. ಇವರಿಗೆ ಹೇಗೆ ಅಂತ ಈಗ ಹೇಳೋಕಾಗಲ್ಲ."

ಇದೇ ಮಾತು ನನ್ನನ್ನು ಇಂದಿಗೂ ಕೊರೆಯುತ್ತದೆ. ತಡವಾದ್ದರಿಂದಲೇ ಹೀಗಾಯಿತು ಎಂದು ಯಾರಾದರೂ ಖಂಡಿತವಾಗಿ ಹೇಳಿದ್ದರೆ ನಾನು ಗೆಳತಿಯೊಡನೆ ಒಂದು ಸಲ ಚೆನ್ನಾಗಿ ಜಗಳ ಮಾಡಿ ಮುಗಿಸುತ್ತಿದ್ದೆ. ತಡವಾದ್ದಕ್ಕಲ್ಲ ಎಂದಿದ್ದರೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆ. ಎರಡೂ ಇಲ್ಲವಾಯಿತು. ಆ ಕೋಣೆಯಿಂದ ಹೊರಬಂದಾಗ ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟಿತ್ತು. ಅವಳಿಗೆ ಅದು ಗೊತ್ತಿತ್ತು. ಬಸ್ಸಿನಲ್ಲಿ ಅವಳು ನನ್ನನ್ನು ಕಿಟಕಿಯಿಂದ ಎಬ್ಬಿಸಿ ಒಳಗೆ ಕೂರಿಸಿ, ತಾನು ಗಾಳಿಗೆ ಮುಖ ಒಡ್ಡಿ ಕೂತಳು. ಮುಖ ಬರುತ್ತದೋ ಇಲ್ಲವೋ ಎಂಬ ಭಯದ ಜೊತೆಗೆ ನನಗೆ ಈ ಗೆಳತಿಯೂ ಉಳಿಯುತ್ತಾಳೋ ಇಲ್ಲವೋ ಎಂಬ ಭಯ ಅವತ್ತೇ ಹುಟ್ಟಿತು.

ಡಾಕ್ಟರು ಧೂಳಿನಿಂದ ದೂರವಿದ್ದು ವಿಶ್ರಾಂತಿ ಮಾಡಲು ಬರೆದುಕೊಟ್ಟಿದ್ದರು. ಕಂಪನಿಯಲ್ಲಿ ಅದು ನಡೆಯಲಿಲ್ಲ. ಅದು ಕಂಪನಿ ಹೇಳಿದ ಡಾಕ್ಟರದಲ್ಲವಂತೆ. ಕಂಪನಿ ಹೇಳಿದವರ ಹತ್ತಿರ ಹೋದರೆ ಅವರು ಊರಲ್ಲಿಲ್ಲ. "ಅಮ್ಮ, ನನ್ನ ಕೈಲಿ ಏನೂ ಇಲ್ಲ, ಸಿಸ್ಟಮ್ ತಗೊಳ್ಳಲ್ಲ" ಎಂದ ಎಚ್‌ಆರ್ ಹುಡುಗ. ಲೈನ್ ಸೂಪರ್‌ವೈಸರನ ಬಳಿ ಹೇಳಿಕೊಂಡೆ. "ಕೈ ಐತಿ, ಕಾಲೈತಿ. ಮುಖದಿಂದ ಪ್ಯಾಂಟು ಚೆಕ್ ಮಾಡ್ತಿಯೇನು?" ಎಂದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಆಸ್ಪತ್ರೆಗೆ ಹೋದ ಮಂಗಳವಾರದಿಂದ ಹೊಸ ತಿಂಗಳ ಲೈನ್ ಮೊದಲೇ ಮುರಿದಿತ್ತು. ನಾಲ್ಕು ದಿನ ಮನೆಯಲ್ಲಿದ್ದೆ, ಆಮೇಲೆ ಹೆಸರು ಕಡಿಯುತ್ತಾರೆಂಬ ಭಯಕ್ಕೆ ಹೋದೆ.

ಲೈನಿಗೆ ಸಿಕ್ಕ ರಜೆಯ ಶನಿವಾರ ಸಿರುಗುಪ್ಪದಲ್ಲಿ ನಿಶ್ಚಿತಾರ್ಥವಾಯಿತು. ನಾನು ಹೋಗಲಿಲ್ಲ. ಸೊಟ್ಟ ಮುಖ ಹೊತ್ತು ಶುಭಕಾರ್ಯಕ್ಕೆ ಹೇಗೆ ಹೋಗುವುದು ಎಂದು ಬಸವರಾಜನಿಗೆ ಹೇಳಿದೆ. ನಿಜ ಅದಲ್ಲ, ಸಿಟ್ಟು. ಯಾವ ದಿನಕ್ಕಾಗಿ ಕಾದೆನೋ ಆ ದಿನ ಬಾಗಿಲು ಹಾಕಿಕೊಂಡು ಮಲಗಿದ್ದೆ. ಸಂಜೆ ಹೊನ್ನೂರಮ್ಮ ಲಾಡು, ಎಲೆ ಅಡಿಕೆ ತಂದು ಕಟ್ಟೆಯ ಮೇಲಿಟ್ಟು ಹೋದಳಂತೆ, ಒಳಗೆ ಬರಲಿಲ್ಲ. ಆ ಹುಡುಗಿಯ ತಲೆಯ ಮೇಲೆ ಅವತ್ತು ಅಕ್ಷತೆ ಹಾಕಲಿಲ್ಲವಲ್ಲ ಎಂಬುದು ನನ್ನ ಮುಖಕ್ಕಿಂತ ದೊಡ್ಡ ನಷ್ಟವೆಂದು ಈಗ ಅನಿಸುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕೆಲಸಕ್ಕೆ ಮರಳಿದಾಗ ಕಣ್ಣಿಗೆ ಬಸವರಾಜ ಕೊಟ್ಟ ಕನ್ನಡಕವಿತ್ತು. ಬೆಸುಗೆಗೆ ಹಾಕುವ ಕಪ್ಪು ಗಾಜು ತೆಗೆದು, ಬಿಳಿ ಗಾಜು ಕೂರಿಸಿ, ಅಂಚಿಗೆ ಹತ್ತಿ ಬಟ್ಟೆ ಅಂಟಿಸಿದ್ದ. ಹಾಕಿಕೊಂಡರೆ ನಾನು ಬಾವಿಗೆ ಇಳಿಯಲು ಹೊರಟವಳಂತೆ ಕಾಣುತ್ತಿದ್ದೆ, ಆದರೆ ನೀಲಿ ಧೂಳು ಒಳಗೆ ಬರುತ್ತಿರಲಿಲ್ಲ. ಮಲಗುವ ಮುಂಚೆ ಅವನೇ ಹನಿ ಹಾಕಿ, ರೆಪ್ಪೆ ಕೆಳಗೆ ಎಳೆದು ಪಟ್ಟಿ ಅಂಟಿಸುತ್ತಿದ್ದ. ಕಬ್ಬಿಣ ಹಿಡಿಯುವ ಕೈ ಎಷ್ಟು ಹಗುರಾಗಬಲ್ಲದೆಂದು ಮದುವೆಯಾಗಿ ಇಷ್ಟು ವರ್ಷಕ್ಕೆ ತಿಳಿಯಿತು. ಬೆಳಿಗ್ಗೆ ಕನ್ನಡಿಯ ಮುಂದೆ ವ್ಯಾಯಾಮ ಮಾಡಬೇಕಿತ್ತು, ಕೆನ್ನೆ ಉಬ್ಬಿಸುವುದು, ಹುಬ್ಬು ಏರಿಸುವುದು, ತುಟಿ ಚೂಪು ಮಾಡುವುದು. ಒಬ್ಬಳೇ ಮಾಡಲು ನಾಚಿಕೆಯೆಂದರೆ ಅವನೂ ಪಕ್ಕ ನಿಂತು ಕೆನ್ನೆ ಉಬ್ಬಿಸುತ್ತಿದ್ದ. ಓಣಿಯವರು ಇಣುಕಿ ನೋಡಿ, "ಬಸಣ್ಣ ಪೀಪಿ ಊದಾಕ ಕಲಿಯಾಕತ್ತಾನ" ಎಂದು ನಗುತ್ತಿದ್ದರು.

ನಿಧಾನವಾಗಿ ಮುಖ ಬರತೊಡಗಿತು. ಮೊದಲು ಹುಬ್ಬು ಅಲುಗಿತು, ಆಮೇಲೆ ರೆಪ್ಪೆ, ಆಮೇಲೆ ಬಾಯಿಯ ಮೂಲೆ. ಎಲ್ಲರಿಗೂ ಸಂತೋಷ. ಒಪ್ಪದೆ ಹೋದದ್ದು ಗೇಟಿನ ಮಿಷನ್ನು. ಅದರೊಳಗಿದ್ದದ್ದು ನನ್ನ ಸೊಟ್ಟ ಮುಖ. ನಾನು ನೆಟ್ಟಗಾದಂತೆಲ್ಲ ಅದಕ್ಕೆ ಗುರುತು ಸಿಗದು. "ಪ್ಲೀಸ್ ಟ್ರೈ ಅಗೇನ್." ಹೊಸ ಫೋಟೋ ತೆಗೆಯಿರಿ ಎಂದರೆ ಪದೇ ಪದೇ ಬದಲಿಸಲು ಹೆಡ್ ಆಫೀಸಿನ ಒಪ್ಪಿಗೆ ಬೇಕಂತೆ, ಬಂದಿಲ್ಲವಂತೆ. ಒಳಗಿದ್ದು ದಿನವಿಡೀ ದುಡಿದರೂ ಗೈರುಹಾಜರಿ ಬೀಳತೊಡಗಿತು. ಕೊನೆಗೆ ಉಪಾಯ ಕಂಡುಕೊಂಡೆ. ಎಡಗಣ್ಣು ಹಿಗ್ಗಿಸಿ, ಬಾಯಿಯನ್ನು ಬಲಕ್ಕೆ ಎಳೆದು ನಿಂತರೆ ಮಿಷನ್ನು ಪ್ರೀತಿಯಿಂದ "ಥ್ಯಾಂಕ್ ಯೂ" ಎನ್ನುತ್ತಿತ್ತು. ಬೆಳಿಗ್ಗೆ ಮನೆಯಲ್ಲಿ ಮುಖ ನೆಟ್ಟಗೆ ಮಾಡುವ ವ್ಯಾಯಾಮ, ಗೇಟಿನಲ್ಲಿ ಸೊಟ್ಟ ಮಾಡುವ ವ್ಯಾಯಾಮ. ನರವೇ ದಾರಿ ತಪ್ಪಿತೆಂದರೆ ಅದರದೇನು ತಪ್ಪು ಎಂದು ನಾನು ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಹೊನ್ನೂರಮ್ಮನೊಬ್ಬಳನ್ನು ಬಿಟ್ಟು.

ಒಂದು ದಿನ ಅವಳು ನನಗೆ ಹೇಳದೆ ಪಂಪಾಪತಿ ಅಣ್ಣನ ಹತ್ತಿರ ಹೋಗಿದ್ದಾಳೆ. ಆಮೇಲೆ ಅಣ್ಣನೇ ಹೇಳಿದ. "ನಮ್ಮ ಶನಿವಾರ ಹೋದರ ಹೋಗಲಿ, ಈ ರೂಲ್ ತೆಗಸಣ್ಣ" ಎಂದಳಂತೆ. ಮಾತುಕತೆಗೆ ಕೂತಾಗ ಮ್ಯಾನೇಜರು ಎಂದಿನ ಹಾಗೆ, ಹೆಂಗಸರೇ ಒಪ್ಪಿಕೊಂಡಿರುವ ರೂಲ್ ಇದು, ಅವರಿಗಿಲ್ಲದ ತೊಂದರೆ ಯೂನಿಯನ್ನಿಗೇಕೆ ಎಂದರು. ಅಣ್ಣ ವಾದ ಮಾಡಲಿಲ್ಲ. "ಸಾರ್, ಗೇಟಿನ ತನಕ ಬರ್ರಿ" ಎಂದು ಕರೆತಂದ. ನನ್ನನ್ನೂ ಕರೆಸಿದ.

ಊಟದ ಹೊತ್ತು. ಕಾರ್ಖಾನೆಯ ಅರ್ಧ ಜನ ಅಲ್ಲಿತ್ತು.

"ಗಂಗಮ್ಮ, ನೆಟ್ಟಗ ನಿಂದ್ರವ್ವ" ಎಂದ ಅಣ್ಣ. ನಿಂತೆ. ಮಿಷನ್ನು ಒಪ್ಪಲಿಲ್ಲ. "ಈಗ ದಿನಾ ಹೆಂಗ ಮಾಡ್ತಿ, ತೋರಸು."

ಅಷ್ಟು ಜನರೆದುರು, ಇಷ್ಟು ದಿನ ಸೆರಗಿನಲ್ಲಿ ಮುಚ್ಚಿಟ್ಟ ಮುಖವನ್ನು ನಾನೇ ಮಾಡಿ ತೋರಿಸಬೇಕು. ಎಚ್‌ಆರ್ ಹುಡುಗ ನೆಲ ನೋಡುತ್ತಿದ್ದ. ನಾನು ಕಣ್ಣು ಹಿಗ್ಗಿಸಿ, ಬಾಯಿ ಎಳೆದೆ. "ಥ್ಯಾಂಕ್ ಯೂ" ಎಂದಿತು ಮಿಷನ್ನು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನೂ ನಾಲ್ಕು ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, "ಆಫೀಸಿಗೆ ಬನ್ನಿ, ಮಾತಾಡೋಣ" ಎಂದರು. ನಾನು ಗೆದ್ದೆನೆಂದು ಪಂಪಾಪತಿ ಅಣ್ಣ ಬೆನ್ನು ತಟ್ಟಿದ. ನನಗೆ ಎಲ್ಲಾದರೂ ಹೋಗಿ ಮುಖ ತೊಳೆದುಕೊಂಡರೆ ಸಾಕಾಗಿತ್ತು.

ಕೆಲವು ವಾರಗಳ ಮೇಲೆ ನೋಟೀಸು ಅಂಟಿಸಿದರು. ಕಾಯಿಲೆಯ ಗೈರು ಇನ್ನು ಲೈನಿನ ಲೆಕ್ಕಕ್ಕಿಲ್ಲ. ಸರ್ಕಾರಿ ಡಾಕ್ಟರ ಚೀಟಿ ಸಾಕು, ವಾಪಸ್ ಬಂದ ಮೇಲೆ ಕೊಟ್ಟರೂ ನಡೆಯುತ್ತದೆ. ಮಿಷನ್ನು ಒಪ್ಪದಿದ್ದರೆ ರಿಜಿಸ್ಟರಿನಲ್ಲಿ ಸಹಿ. ಕೆಳಗೆ ಇನ್ನೊಂದು ಸಾಲಿತ್ತು. ಲೈನಿಗೆ ಕೊಡುತ್ತಿದ್ದ ಶನಿವಾರದ ರಜೆ ರದ್ದು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವುದು ಅವರಿಗೆ ಹೊಸದಲ್ಲ.

ಅಷ್ಟರಲ್ಲಿ ನನ್ನ ಮುಖ ಬರುವಷ್ಟು ಬಂದು ನಿಂತಿತ್ತು. ನಕ್ಕರೆ ಎಡಗಣ್ಣು ಸಣ್ಣದಾಗುತ್ತದೆ, ಉಂಡರೆ ಅದರಲ್ಲಿ ನೀರು. ವಾಸಿಯಾಗುವಾಗ ಬಾಯಿಗೆ ಹೋಗಬೇಕಾದ ನರದ ಎಳೆ ಕಣ್ಣಿಗೆ ಕೂಡಿಕೊಂಡಿದೆ, ಇನ್ನು ಇಷ್ಟೇ ಎಂದರು ಡಾಕ್ಟರಮ್ಮ. ಎಲ್ಲರಿಗೂ ಬಿಡಿಸಿ ಹೇಳಿದೆ. ಹೊನ್ನೂರಮ್ಮನಿಗೂ ಹೇಳಿದೆ. ಅವಳು "ಹೂಂ" ಎಂದಳು. ಆದರೆ ಊಟದ ಹೊತ್ತಿಗೆ ಅವಳ ಕಣ್ಣು ಆ ನೀರಿನ ಮೇಲೆಯೇ. ಮೊದಲಿನಂತೆ ನನ್ನ ಎಡಕ್ಕೇ ಕೂರುತ್ತಿದ್ದಳು. ಡಬ್ಬಿಯಲ್ಲಿದ್ದುದನ್ನು ಹಂಚಿಕೊಳ್ಳುತ್ತಿದ್ದೆವು, ಬಸ್ಸು, ಬೆಲೆ, ಮಗಳ ಮದುವೆ ಎಲ್ಲ ಮಾತಾಡುತ್ತಿದ್ದೆವು. ಆ ಶುಕ್ರವಾರದ ಮಾತನ್ನು ಮಾತ್ರ ಇಬ್ಬರೂ ದಾಟಿಕೊಂಡು ಹೋಗುತ್ತಿದ್ದೆವು, ಹೊಸ್ತಿಲು ದಾಟುವ ಹಾಗೆ.

ನೋಟೀಸು ಬಂದ ದಿನ ಮಧ್ಯಾಹ್ನ ಎಂದಿನಂತೆ ಸಾಲಾಗಿ ನೆಲದ ಮೇಲೆ ಕೂತಿದ್ದೆವು. ಬಟನ್ ಹಚ್ಚುವ ಹುಡುಗಿಯೊಬ್ಬಳು ನಮಗೆ ಕೇಳಲೆಂದೇ ಹೇಳಿದಳು, "ಗಂಗಕ್ಕನ ಮುಖ ನೆಟ್ಟಗಾಗಾಕ ನಮ್ಮೆಲ್ಲರ ಶನಿವಾರ ಹೋತು ನೋಡ್ರಿ." ತಪ್ಪೇನಿದೆ? ನಾವೂ ಒಂದು ಕಾಲಕ್ಕೆ ಹೀಗೇ ಹೇಳಿದವರು.

ಹೊನ್ನೂರಮ್ಮ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. "ಆಕಿ ಮುಖ ನೆಟ್ಟಗಾಗಿಲ್ಲ, ಕಣ್ಣಿಲ್ಲೇನು ನಿನಗ?" ಎಂದಳು. "ನನ್ನ ಶನಿವಾರಕ್ಕ ಹೋತು ಆಕಿ ಮುಖ. ನಾನ ಕರಕೊಂಡು ಬಂದೆ. ಬೈಯೋದಿದ್ರ ನನ್ನ ಬೈಯಿ."

ನಾನು ತಲೆ ತಗ್ಗಿಸಿ ತುತ್ತು ನುಂಗಿದೆ. ಎಡಗಣ್ಣಿನಿಂದ ನೀರು ಇಳಿಯಿತು. ಅದು ಇಳಿಯುತ್ತದೆ, ಎಲ್ಲರಿಗೂ ಗೊತ್ತಿದ್ದದ್ದೇ. ಈ ರೋಗದಲ್ಲಿ ಅದೊಂದು ಸೌಕರ್ಯ, ಊಟ ಮಾಡುತ್ತಾ ಅಳಬಹುದು, ಯಾರೂ ಕೇಳುವುದಿಲ್ಲ.

ಹೊನ್ನೂರಮ್ಮ ಕೇಳಿದಳು. ಎದ್ದು ಬಂದು ನನ್ನ ಬಲಕ್ಕೆ ಕೂತು, ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಈ ಕಣ್ಣಾಗೂ ನೀರು ಬಂದಾವಲ್ಲಲೇ ಗಂಗಿ."

"ನರದ್ದು" ಎಂದೆ.

"ಈ ಕಡಿ ನರ ನೆಟ್ಟಗ ಐತಿ" ಎಂದಳು.

ಅವಳು ತನ್ನ ಸೆರಗಿನ ತುದಿಯಿಂದ ಬಲಗಣ್ಣನ್ನು ಒರೆಸಿದಳು. ಎಡಗಣ್ಣನ್ನು ಹಾಗೆಯೇ ಹರಿಯಲು ಬಿಟ್ಟು, ಡಬ್ಬಿಯನ್ನು ಇಬ್ಬರ ನಡುವೆ ಎಳೆದುಕೊಂಡಳು.